ಹಿಂದಿನ ಸೀಟಿನ ಗಾಳಿ

ಗುಂಡಿ ಒತ್ತಿದ ಮೇಲೆ ಸ್ಟಿಯರಿಂಗಿನ ಹಿಂದಿನ ಪರದೆಯಲ್ಲಿ ಆ ಅಂಕಿ ಮೂಡುವವರೆಗೂ ಅವಳು ಉಸಿರು ಬಿಗಿಹಿಡಿದಿರುತ್ತಿದ್ದಳು. ಇನ್ನೆಷ್ಟು ದೂರ ಹೋಗಬಹುದು ಎಂದು ಕಾರು ತಾನೇ ಹೇಳುವ ಅಂಕಿ ಅದು. ರಾತ್ರಿಯೆಲ್ಲ ಅಡುಗೆಮನೆಯ ಕಿಟಕಿಯಿಂದ ಇಳಿಬಿಟ್ಟ ತಂತಿಗೆ ಅಂಟಿಕೊಂಡು ಚಾರ್ಜ್ ಆದ ಕಾರು ಬೆಳಿಗ್ಗೆ ಎದ್ದು ತನ್ನ ಯೋಗ್ಯತೆಯನ್ನು ಹೀಗೆ ಒಪ್ಪಿಸುತ್ತಿತ್ತು. ಕೊಂಡ ಹೊಸತರಲ್ಲಿ ಧಾರಾಳವಾಗಿ, ಬೇಸಿಗೆ ಏರುತ್ತ ಬಂದಂತೆ ಜಿಪುಣತನದಿಂದ. ಮನೆಯಿಂದ ಅವಳ ಕೆಲಸದ ಜಾಗಕ್ಕೆ ಹೋಗಿಬರಲು ಆ ಅಂಕಿ ಸಾಕಾಗುತ್ತಿತ್ತು. ಸಾಕು ಎಂದರೆ ಅಷ್ಟಕ್ಕಷ್ಟೇ. ಎ.ಸಿ. ಹಾಕಿದರೆ ಸಾಲುತ್ತಿರಲಿಲ್ಲ. ಕೆಲಸದ ಕಟ್ಟಡದ ಮಾಲೀಕ ಹೊರಗೆ ತಂತಿ ಎಳೆಯಲು ಬಿಡುತ್ತಿರಲಿಲ್ಲ. ದಾರಿಯಲ್ಲಿ ಸಿಗುವ ಚಾರ್ಜಿಂಗ್ ಜಾಗದಲ್ಲಿ ಬೇಗ ತುಂಬಿಸಿಕೊಳ್ಳುವ ಸೌಲಭ್ಯ ಅವಳು ಕೊಂಡ ಮಾದರಿಗೆ ಇರಲಿಲ್ಲ. ಅದಕ್ಕೇ ಅದು ಅಗ್ಗವಾಗಿದ್ದದ್ದು. ಇದೆಲ್ಲ ಗೊತ್ತಿದ್ದೇ ಕೊಂಡಿದ್ದಳು. ಗೊತ್ತಿದ್ದೇ ಕೊಂಡೆ ಎಂದು ಯಾರಿಗಾದರೂ ಹೇಳುವ ಧೈರ್ಯ ಮಾತ್ರ ಅವಳಿಗೆ ಬಂದಿರಲಿಲ್ಲ.

ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಅತ್ತೆ ಮೊದಲು ಚೀಲ ಇಟ್ಟು, ಆಮೇಲೆ ನೋಯುವ ಭುಜವನ್ನು ಮಗುವಿನಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ಸರಿದರು. ಮುಂದಿನ ಸೀಟಿನ ಬೆಲ್ಟು ಸರಿಯಾಗಿ ಆ ಭುಜದ ಮೇಲೇ ಒತ್ತುತ್ತಿದ್ದುದರಿಂದ ಅವರ ಜಾಗ ಹಿಂದೆ. ಹಿಂದಿನ ಕಿಟಕಿಯ ಗಾಜು ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಅದೂ ಅಗ್ಗದ ಲಕ್ಷಣವೇ.

"ಬಿಸಿಲು ಆಗ್ಲೇ ಚುರುಗುಟ್ತಿದೆ ನೋಡು," ಎಂದರು ಅತ್ತೆ. "ನೀನು ನೀರು ಕುಡಿದ್ಯಾ? ಗಡಿಬಿಡೀಲಿ ಹಾಗೇ ಬಂದಿರ್ತೀಯ."

"ಕುಡಿದೆ ಅತ್ತೆ."

"ಕುಡಿದಿಲ್ಲ. ಬಾಟ್ಲಿ ಇಲ್ಲೇ ಇದೆ, ತಗೋ."

ಕಾರು ಸದ್ದಿಲ್ಲದೆ ಗೇಟು ದಾಟಿತು. ಈ ನಿಶ್ಶಬ್ದ ಅವಳಿಗೆ ಮೊದಮೊದಲು ಹೆಮ್ಮೆಯದಾಗಿತ್ತು. ಈಗ ಅದರಲ್ಲಿ ಎಲ್ಲವೂ ಕೇಳಿಸುತ್ತಿತ್ತು: ಅತ್ತೆ ಕರವಸ್ತ್ರ ಬಿಡಿಸಿದ್ದು, ಕತ್ತು ಒರೆಸಿಕೊಂಡದ್ದು, ಚೀಲದ ಜಿಪ್ಪು ಎಳೆದದ್ದು, ಆಮೇಲೆ ಟಿಕ್ ಎಂದು ಗುಂಡಿ ಒತ್ತಿ ಆ ಪುಟ್ಟ ಕೈಫ್ಯಾನು ಗುಂಯ್‌ಗುಟ್ಟತೊಡಗಿದ್ದು. ಬೀದಿ ಬದಿಯಲ್ಲಿ ಕೊಂಡ, ಬಾಚಣಿಗೆಯಷ್ಟೇ ಉದ್ದದ, ನೀಲಿ ಬಣ್ಣದ ಫ್ಯಾನು. ಅತ್ತೆ ಅದನ್ನು ತಮ್ಮ ಮುಖಕ್ಕೆ ಹಿಡಿದುಕೊಳ್ಳುವುದು ಕಡಿಮೆ. ನೋವಿಲ್ಲದ ಕೈಯನ್ನು ಮುಂದೆ ಚಾಚಿ, ಎರಡು ಸೀಟಿನ ನಡುವಿನಿಂದ, ಸೊಸೆಯ ಕುತ್ತಿಗೆಗೆ ಗಾಳಿ ಬೀಳುವಂತೆ ಹಿಡಿಯುತ್ತಿದ್ದರು. "ಓಡಿಸೋರಿಗೆ ಸೆಕೆ ಜಾಸ್ತಿ," ಎನ್ನುತ್ತಿದ್ದರು. ಆ ಸಣ್ಣ ಗಾಳಿ ಕುತ್ತಿಗೆಗೆ ಬಿದ್ದಾಗಲೆಲ್ಲ ಅವಳ ಮೈ ಹಿಡಿಯಾಗುತ್ತಿತ್ತು. ಬೇಡ ಅತ್ತೆ, ನಿಮ್ಮ ಕೈ ನೋಯುತ್ತೆ ಎಂದರೆ, ನೋಯೋ ಕೈ ಇದಲ್ಲ ಕಣೇ ಎಂಬ ನಗು ಹಿಂದಿನಿಂದ ಬರುತ್ತಿತ್ತು.

ಎ.ಸಿ. ಕೆಟ್ಟಿರಲಿಲ್ಲ. ಬೇಸಿಗೆ ಶುರುವಾದ ವಾರ ಒಂದು ಸಂಜೆ ಅವಳೊಬ್ಬಳೇ ತಂಪಾಗಿ ಹಾಕಿಕೊಂಡು ಬರುತ್ತಿದ್ದಾಗ ಅಂಕಿ ಕಣ್ಣೆದುರೇ ಜಾರಿ, ಪರದೆಯ ಮೇಲೆ ಚಾರ್ಜ್ ಮುಗಿಯುತ್ತಿದೆ ಎನ್ನುವ ಹಳದಿ ಆಮೆಯ ಚಿತ್ರ ಮೂಡಿ, ಕಾರು ಕಾಲೆಳೆಯುತ್ತ ಮನೆ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಅತ್ತೆ, "ಎ.ಸಿ. ಹಾಕ್ತೀಯೇನಮ್ಮ?" ಎಂದು ಕೇಳಿದರು. "ಕೆಟ್ಟಿದೆ ಅತ್ತೆ. ಯಾವುದೋ ಭಾಗ ಬರಬೇಕಂತೆ," ಎಂದಿತ್ತು ಅವಳ ಬಾಯಿ. ಯೋಚಿಸಿ ಹೇಳಿದ್ದಲ್ಲ. ಅಷ್ಟು ಸಲೀಸಾಗಿ ಬಂದುಬಿಟ್ಟ ಆ ಮಾತನ್ನು ಆಮೇಲೆ ಎಷ್ಟೋ ಸಲ ಒಳಗೇ ತಿರುವಿ ನೋಡಿದ್ದಳು. ನಿಜ ಹೇಳಿದ್ದರೆ ಅತ್ತೆ, ನನ್ನಿಂದ ನಿನಗೆ ತೊಂದರೆ ಬೇಡ ಎಂದು ಭುಜದ ಚಿಕಿತ್ಸೆಗೆ ಫಿಸಿಯೋ ಕ್ಲಿನಿಕ್ಕಿಗೆ ಹೋಗುವುದನ್ನೇ ಬಿಡುತ್ತಿದ್ದರು; ಬಸ್ಸಿನಲ್ಲಿ ಕಂಬಿ ಹಿಡಿಯಲು ಅವರ ತೋಳು ಮೇಲೇಳುತ್ತಿರಲಿಲ್ಲ. ಇದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಕಾರಣ. ಇನ್ನೊಂದಿತ್ತು. ಕಾರು ಕೊಳ್ಳುವಾಗ ಮನೆಯಲ್ಲಿ ಕೂತು ಮಾತಾಡಿದ ದಿನ ಭಾವ ಕಾಲ ಮೇಲೆ ಕಾಲು ಹಾಕಿಕೊಂಡು, "ಅದು ಆಟದ ಸಾಮಾನಮ್ಮ. ಕೀಲಿ ಕೊಟ್ಟಷ್ಟು ದೂರ ಓಡುತ್ತೆ, ಆಮೇಲೆ ಇಳಿದು ತಳ್ಳೋದೇ," ಎಂದು ನಕ್ಕಿದ್ದರು. ವಾರಕ್ಕೊಮ್ಮೆ ಮನೆಗೆ ಬರುವ ಗಂಡ ಅಣ್ಣನ ಮಾತಿಗೆ ತಲೆ ಕೆರೆದುಕೊಂಡಿದ್ದ. ಅವಳೇ ಎದ್ದು ನಿಂತು, "ನನಗೋಸ್ಕರ ಅಲ್ಲ, ಅತ್ತೆಗೆ ಅನುಕೂಲ ಆಗಲಿ ಅಂತ," ಎಂದಿದ್ದಳು. ಅತ್ತೆಗೆ ಅನುಕೂಲ! ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ ಅತ್ತೆಯ ಕಣ್ಣು ತುಂಬಿ ಬಂದಿತ್ತು. ಆ ಕಣ್ಣು ನೆನಪಾದರೆ ಈಗಲೂ ಅವಳು ಹಿಂದಿನ ಸೀಟು ಕಾಣುವ ಕನ್ನಡಿಯನ್ನು ತಪ್ಪಿಸುತ್ತಿದ್ದಳು.

ಆ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮನ ದೊಡ್ಡ ಕಾರು ಸೇತುವೆ ಇಳಿದ ಕೂಡಲೇ ಕಾಣಿಸಿತು. ಬಾನೆಟ್ಟು ತೆರೆದುಕೊಂಡು ರಸ್ತೆ ಬದಿಗೆ ನಿಂತಿತ್ತು. ಡ್ರೈವರು ಅದರೊಳಗೆ ತಲೆ ಹಾಕಿದ್ದ. ಡಾಕ್ಟರಮ್ಮ ಮರದ ನೆರಳಿನಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದರು. ಅವಳು ಕೆಲಸ ಮಾಡುತ್ತಿದ್ದುದು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ. ಮೇಣ ಕರಗಿಸಿ, ಅಚ್ಚು ಹಾಕಿ, ಬಣ್ಣ ಹೋಲಿಸಿ ಹಲ್ಲು ಕೂರಿಸುವ ಕೆಲಸ. ಅದರಲ್ಲಿ ಅರ್ಧಕ್ಕರ್ಧ ಬರುತ್ತಿದ್ದುದು ಈ ಡಾಕ್ಟರಮ್ಮನ ಆಸ್ಪತ್ರೆಯಿಂದಲೇ. ನೋಡದವಳಂತೆ ಹೋಗಬಹುದಿತ್ತು. ಆದರೆ ಡಾಕ್ಟರಮ್ಮ ನೋಡಿಬಿಟ್ಟರು, ಕೈಯೆತ್ತಿದರು.

"ಅಬ್ಬ, ದೇವರ ಹಾಗೆ ಬಂದ್ರಿ ಕಣ್ರೀ!" ಎಂದು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. "ಇದೇನಾ ನಿಮ್ಮ ಕರೆಂಟು ಕಾರು? ಮುದ್ದಾಗಿದೆ." ಹಿಂದೆ ತಿರುಗಿ ಅತ್ತೆಗೆ ನಮಸ್ಕಾರ ಹೇಳಿದರು. ಹೇಳಿ, ಕೈಯಿಂದ ಮುಖಕ್ಕೆ ಗಾಳಿ ಹಾಕಿಕೊಂಡರು, ಅಷ್ಟೇ. ಸೆಕೆ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ.

ಅವಳ ಬೆರಳು ಎ.ಸಿ.ಯ ಗುಂಡಿ ಒತ್ತಿತು.

ಒತ್ತಿದ್ದು ತಾನೇ ಎಂದು ತಿಳಿಯುವ ಮೊದಲೇ ಮೂರು ಕಿಂಡಿಗಳಿಂದ ತಣ್ಣನೆಯ ಗಾಳಿ ಭರ್ರೆಂದು ಬಂತು. "ಆಹಾ," ಎಂದರು ಡಾಕ್ಟರಮ್ಮ, "ಪರವಾಗಿಲ್ವೇ, ಚಿಕ್ಕ ಕಾರಾದ್ರೂ ಎಷ್ಟು ಬೇಗ ತಣ್ಣಗಾಗುತ್ತೆ!" ಅವಳ ಕಿವಿಗಳೆರಡೂ ಹಿಂದಿನ ಸೀಟಿನಲ್ಲಿದ್ದವು. ಅಲ್ಲಿ ಕೈಫ್ಯಾನು ಇನ್ನೂ ಗುಂಯ್‌ಗುಟ್ಟುತ್ತಿತ್ತು, ಅವಳ ಕುತ್ತಿಗೆಗೆ ಆ ಗಾಳಿ ಇನ್ನೂ ಬೀಳುತ್ತಿತ್ತು. ಈಗ ನಿಲ್ಲುತ್ತದೆ, ಈಗ, ಎಂದು ಕಾದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಇಂಜಿನ್ನಿನ ಸದ್ದಾದರೂ ಇಲ್ಲದ ಆ ಕಾರಿನಲ್ಲಿ, ಟಿಕ್ ಎಂದಿತು. ಫ್ಯಾನು ನಿಂತಿತು. ಚೀಲದ ಜಿಪ್ಪು ನಿಧಾನವಾಗಿ ತೆರೆದು ಅಷ್ಟೇ ನಿಧಾನವಾಗಿ ಮುಚ್ಚಿಕೊಂಡಿತು.

"ಎಷ್ಟು ದೂರ ಹೋಗುತ್ತೆ ಇದು, ಒಂದು ಸಲ ಚಾರ್ಜ್ ಮಾಡಿದ್ರೆ?" ಡಾಕ್ಟರಮ್ಮ ಕೇಳಿದರು.

ಕಂಪನಿಯವರ ಜಾಹೀರಾತಿನಲ್ಲಿದ್ದ ಅಂಕಿಯನ್ನು ಹೇಳಿದಳು. ಹೇಳುವಾಗ ಕನ್ನಡಿಯಲ್ಲಿ ಅಕಸ್ಮಾತ್ ಅತ್ತೆಯ ಮುಖ ಕಂಡಿತು. ಕಿಟಕಿಯ ಹೊರಗೆ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು. ಬೇರೆಯವರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ, ಒಳಗೆ ಜಗಳದ ದನಿ ಕೇಳಿ, ಬಾಗಿಲು ತಟ್ಟದೆ ಹಿಂದಿರುಗುವವರ ಮುಖದಂತಿತ್ತು ಅದು.

ಫಿಸಿಯೋದ ಗೇಟಿನಲ್ಲಿ ಇಳಿಯುವಾಗ ಅತ್ತೆ ಎಂದಿನಂತೆ, "ಹುಷಾರಾಗಿ ಹೋಗಮ್ಮ," ಎಂದರು. ಅದಕ್ಕೆ ಇನ್ನೊಂದು ಮಾತು ಸೇರಿಸಲು ಬಾಯಿ ತೆರೆದವರು ಡಾಕ್ಟರಮ್ಮನನ್ನು ನೋಡಿ ಸುಮ್ಮನಾದರು. ಆ ಹೇಳದ ಮಾತು ದಿನವಿಡೀ ಅವಳ ಜೊತೆಗೇ ಇತ್ತು. ಲ್ಯಾಬಿನಲ್ಲಿ ಹಲ್ಲುಗಳ ಬಣ್ಣ ಹೋಲಿಸುವ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿ ಎಂದರೆ ಒಂದೇ ಬಿಳಿಯಲ್ಲ: ಹಾಲಿನ ಬಿಳಿ, ಮಂಜಿನ ಬಿಳಿ, ಹಳೆ ಕಾಗದದ ಬಿಳಿ. ಯಾರದೋ ಬಾಯಿಗೆ ಯಾವ ಸುಳ್ಳು ನಿಜದಂತೆ ಕಾಣಬಲ್ಲದು ಎಂದು ಆರಿಸುವುದೇ ಅವಳ ಕಸುಬು, ಅದರಲ್ಲಿ ಅವಳದು ಎತ್ತಿದ ಕೈ. ಅತ್ತೆಯ ಹಲ್ಲಿನ ಸೆಟ್ಟನ್ನೂ ಅವಳೇ ಮಾಡಿದ್ದಳು. ಮುಂದಿನ ಒಂದು ಹಲ್ಲನ್ನು, ಅತ್ತೆಯ ಹಳೇ ಫೋಟೋದಲ್ಲಿದ್ದಂತೆ, ಬೇಕೆಂದೇ ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದಳು. ಅದನ್ನು ಮೊದಲ ಸಲ ಹಾಕಿಕೊಂಡು ಕನ್ನಡಿ ನೋಡಿದ ಅತ್ತೆ, "ಅಯ್ಯೋ, ನಾನೇ ಕಣೇ ಇದು!" ಎಂದು ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಅಂಗಡಿ, ಮದುವೆಮನೆ, ಲಿಫ್ಟು, ಎಲ್ಲಿ ಯಾರು ಸಿಕ್ಕಿದರೂ, "ನನ್ನ ಸೊಸೆ ಮಾಡಿದ್ದು," ಎಂದು ಹಲ್ಲು ತೋರಿಸುತ್ತಿದ್ದರು. ಅವಳು ಮೇಣ ಕಾಯಿಸುವ ದೀಪದ ಮುಂದೆ ಕೂತೇ ಇದ್ದಳು. ಮೇಣ ಕರಗಿ ತೊಟ್ಟಿಕ್ಕಿ ಕೈಮೇಲೆ ಬಿತ್ತು. ಪಕ್ಕದ ಮೇಜಿನವಳು, "ಎಲ್ಲಿದೀರಾ ಅಕ್ಕಾ ಇವತ್ತು?" ಎಂದಳು. ಎಲ್ಲೂ ಇಲ್ಲ ಎಂದಳು ಅವಳು. ಸಂಜೆ ಕಾರಿಗೆ ಕೂತ ಕೂಡಲೇ ಹೇಳಿಬಿಡಬೇಕು. ಏನೆಂದು? ಕೆಟ್ಟಿರಲಿಲ್ಲ ಅತ್ತೆ. ಎರಡೇ ಮಾತು. ಆದರೆ ಅದರ ಹಿಂದೆಯೇ ಮೂರನೆಯದು ಬರುತ್ತಿತ್ತು: ಹಾಗಾದ್ರೆ ಬೆಳಿಗ್ಗೆ ಯಾಕೆ ಹಾಕಿದೆ? ಅದಕ್ಕೆ ಅವಳಲ್ಲಿದ್ದ ಉತ್ತರ ಹೇಳಿಕೊಳ್ಳುವಂಥದ್ದಲ್ಲ.

ಸಂಜೆ ಫಿಸಿಯೋದ ಗೇಟಿನ ಮುಂದೆ, ಚಿಕಿತ್ಸೆ ಮುಗಿಸಿ ದಿನವೂ ಅಲ್ಲೇ ಅವಳಿಗಾಗಿ ಕಾಯುವ ಅತ್ತೆ ಅಂದು ಒಬ್ಬರೇ ಇರಲಿಲ್ಲ. ಪಕ್ಕದಲ್ಲಿ ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ ಹಿಡಿದ ದಪ್ಪನೆಯ ಮನುಷ್ಯನೊಬ್ಬ ನಿಂತಿದ್ದ.

"ಬಂದ್ಲು ನೋಡಿ ನಮ್ಮ ಸೊಸೆ," ಎಂದರು ಅತ್ತೆ. ದನಿ ಎಂದಿಗಿಂತ ಸ್ವಲ್ಪ ಎತ್ತರದಲ್ಲಿತ್ತು. "ಇವರು ಇಲ್ಲಿ ಚೀಟಿ ಬರೆಯೋ ಹುಡುಗಿಯ ಅಣ್ಣ. ಕಾರಿನ ಎ.ಸಿ. ರಿಪೇರಿ ಮಾಡ್ತಾರಂತೆ. ನಿನಗೆ ದಿನಾ ಸೆಕೇಲಿ ಕಷ್ಟ ಅಂತ ಮೊನ್ನೇನೇ ಹೇಳಿಟ್ಟಿದ್ದೆ. ಇವತ್ತು ಬೇಡ ಅಂತ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಪಾಪ, ಹೊರಟು ಬಂದ್ಬಿಟ್ಟಿದ್ರು."

ಅವಳು ಕಾರಿನಿಂದ ಇಳಿದು ನಿಂತಳು. ಕಾಲ ಕೆಳಗಿನ ಸಿಮೆಂಟು ನೆಲದಿಂದ ಬಿಸಿ ಏರುತ್ತಿತ್ತು. ನಿನಗೆ ಸೆಕೆ ಎಂದು. ತಮಗೆ ಎಂದಲ್ಲ.

"ಏನಾಗಿದೆಯಮ್ಮ?" ಎಂದ ಮೆಕ್ಯಾನಿಕ್ಕು ಅವಳನ್ನು ನೋಡಿ.

ಅತ್ತೆಯೇ ಮುಂದೆ ಬಂದರು. "ಪೂರ್ತಿ ಕೆಟ್ಟಿಲ್ಲ ಅಂತ ಕಾಣುತ್ತಪ್ಪ. ಒಂದೊಂದು ಸಲ ಬರುತ್ತೆ, ಒಂದೊಂದು ಸಲ ಬರಲ್ಲ. ಬೆಳಿಗ್ಗೆ ಬಂದಿತ್ತು." ಅವಳ ಕಡೆ ತಿರುಗಿ, "ಅಲ್ವೇನಮ್ಮ?" ಎಂದರು.

"ಹೌದು," ಎಂದಳು ಅವಳು.

ಅತ್ತೆ ತಮ್ಮ ಕೈಯಾರೆ ಕಟ್ಟಿ ಕೊಟ್ಟ ಸುಳ್ಳು ಅದು. ಅವಳ ಬಾಯಿಗೆ ಸರಿಯಾಗಿ ಕೂತಿತು.

"ಅಯ್ಯೋ, ಅದೇ ಕಷ್ಟದ್ದು," ಎಂದ ಅವನು ಪೆಟ್ಟಿಗೆ ಕೆಳಗಿಟ್ಟು. "ಕೆಟ್ಟಿದ್ದು ಕೆಟ್ಟೇ ಇದ್ರೆ ಹಿಡೀಬಹುದು. ಈ ಮನಸ್ಸು ಬಂದ ಹಾಗೆ ಆಡೋದಿದೆಯಲ್ಲ, ನಮ್ಮ ಭಾವಮೈದನ ಥರ, ಅದಕ್ಕೆ ಮದ್ದಿಲ್ಲ. ಫುಲ್ಲಲ್ಲಿ ಇಟ್ಟು ಕಾಯ್ಬೇಕು. ನಿಂತಾಗ ಹಿಡೀಬೇಕು."

ಫುಲ್ಲಲ್ಲಿ ಇಟ್ಟ. ನಾಲ್ಕು ಬಾಗಿಲೂ ತೆರೆದಿದ್ದವು. ತಣ್ಣನೆಯ ಗಾಳಿ ಬೀದಿಗೆ, ಫಿಸಿಯೋದ ಗೋಡೆಗೆ, ನೆರಳಿನಲ್ಲಿ ಮಲಗಿದ್ದ ನಾಯಿಗೆ ಸುರಿಯುತ್ತಿತ್ತು. ಅವನು ಕಿಂಡಿಯ ಮುಂದೆ ಅಂಗೈ ಹಿಡಿದು, ತಲೆ ಓರೆ ಮಾಡಿ, ನಾಡಿ ನೋಡುವವನಂತೆ ಕೂತ. ಅವಳಿಗೆ ಅವನ ಭುಜದ ಮೇಲಿಂದ ಆ ಅಂಕಿ ಕಾಣುತ್ತಿತ್ತು. ಅದು ಇಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೂ ಇಳಿಯಿತು. ಸಾಕು ನಿಲ್ಲಿಸಿ, ಚಾರ್ಜ್ ಮುಗಿಯುತ್ತೆ ಎನ್ನಬೇಕಿತ್ತು. ಅಂದರೆ ಮುಗಿಯಿತು, ಎಲ್ಲ ಆ ಒಂದು ಮಾತಿನಲ್ಲೇ ಬಯಲಾಗುತ್ತಿತ್ತು, ಈ ಅಪರಿಚಿತನ ಮುಂದೆ, ಅತ್ತೆ ಹೊದಿಸಿದ ಹೊದಿಕೆಯನ್ನು ತಾನೇ ಕಿತ್ತೆಸೆದಂತೆ. ಅವಳು ಚೀಲದ ಹಿಡಿಯನ್ನು ಹಿಂಡುತ್ತ ನಿಂತಳು. ಗೇಟಿಗೆ ಒರಗಿದ ಅತ್ತೆ ನಾಯಿಯನ್ನೇ ನೋಡುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಊಹೂಂ," ಎಂದು ಅವನು ಕೊನೆಗೆ ಎದ್ದ. "ನನ್ನ ಮುಂದೆ ಕೆಡೋಕೆ ಇದಕ್ಕೆ ನಾಚಿಕೆ ಅಮ್ಮ. ಚೆನ್ನಾಗೇ ಇದೆ. ಮತ್ತೆ ತೊಂದ್ರೆ ಕೊಟ್ರೆ ಫೋನ್ ಮಾಡಿ." ಏನೂ ಮಾಡಿಲ್ಲವಲ್ಲ ಎಂದು ಏನೂ ತೆಗೆದುಕೊಳ್ಳದೆ ಹೋದ. ಹೋಗುವಾಗ ಬಾಗಿಲುಗಳನ್ನು ಒಂದೊಂದಾಗಿ, ಜೋಪಾನವಾಗಿ ಮುಚ್ಚಿದ.

ಕಾರು ಹೊರಟಿತು. ಎ.ಸಿ. ಓಡುತ್ತಲೇ ಇತ್ತು. ಚೆನ್ನಾಗಿದೆ ಎಂದು ಸಾಬೀತಾದದ್ದನ್ನು ಈಗ ಆರಿಸುವುದು ಹೇಗೆ? ಅವಳ ಬೆರಳು ಗುಂಡಿಯವರೆಗೆ ಹೋಗಿ ಹಿಂದೆ ಬಂತು. ಬೆಳಿಗ್ಗೆ ಎಷ್ಟು ಬೇಗ ಹೋಗಿದ್ದ ಬೆರಳು! ಎಂಥ ಚುರುಕು, ಹೊರಗಿನವರಿಗೆ. ಆರಿಸಿದರೆ ಅದೊಂದು ಮಾತಾಗುತ್ತದೆ, ಆರಿಸದಿದ್ದರೆ ಅದೂ ಒಂದು ಮಾತೇ. ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ತಂಪು ಗಾಳಿಗೆ ಅವರ ಹಣೆಯ ಮೇಲಿನ ಬಿಳಿಗೂದಲು ಅಲುಗುತ್ತಿತ್ತು. ಎಷ್ಟು ದಿನದಿಂದ ಅಲುಗಬಹುದಾಗಿದ್ದ ಕೂದಲು. ಸೇತುವೆಯ ಮೇಲೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಂಕಿ ಕೆಂಪಾಯಿತು. ಸೇತುವೆ ಇಳಿಯುವಾಗ ಆಮೆ ಮೂಡಿತು. ಹಿಂದಿನವರು ಹಾರ್ನ್ ಹೊಡೆದರು, ಒಬ್ಬ ಪಕ್ಕಕ್ಕೆ ಬಂದು, "ಕಾರಾ, ಎತ್ತಿನ ಗಾಡಿನಾ ಅದು?" ಎಂದು ಕೂಗಿ ಹೋದ. ಆಗಲೂ ಅವಳು ಆರಿಸಲಿಲ್ಲ. ಆಮೇಲೆ ಯಾಕೆ ಆರಿಸಲಿಲ್ಲ ಎಂದು ತನ್ನನ್ನೇ ಕೇಳಿಕೊಂಡರೆ, ನಿಂತೇ ಹೋಗಲಿ ಎಂದು ಒಳಗೆ ಯಾರೋ ಕಾಯುತ್ತಿದ್ದಂತೆ ತೋರುತ್ತಿತ್ತು.

ಮನೆಗೆ ಹೋಗುವ ಏರು ಶುರುವಾಗುವಲ್ಲಿ, ಬಾಗಿಲು ಹಾಕಿದ ಪೀಠೋಪಕರಣದ ಅಂಗಡಿಯ ಮುಂದೆ, ಕಾರು ನಿಂತಿತು. ಗದ್ದಲವಿಲ್ಲ, ನಡುಕವಿಲ್ಲ. ಪರದೆ ಮಂಕಾಯಿತು. ಕಿಂಡಿಗಳಿಂದ ಬರುತ್ತಿದ್ದ ಗಾಳಿ ಮಾತು ಮರೆತವರಂತೆ ಅರ್ಧಕ್ಕೆ ನಿಂತಿತು. ಹೊರಗೆ ಇನ್ನೂ ಬೆಳಕಿತ್ತು. ಏರಿನ ಮೇಲೆ ಅವರ ಕಟ್ಟಡದ ನೀರಿನ ತೊಟ್ಟಿ ಕಾಣುತ್ತಿತ್ತು.

"ಅತ್ತೆ," ಎಂದಳು ಅವಳು, ಎದುರಿನ ಗಾಜನ್ನು ನೋಡುತ್ತ. "ಎ.ಸಿ. ಕೆಟ್ಟಿರಲಿಲ್ಲ."

"ಹ್ಞೂಂ."

"ಹಾಕಿದ್ರೆ ಮನೆ ಮುಟ್ಟೋಕಾಗ್ತಿರ್ಲಿಲ್ಲ. ಅದಕ್ಕೆ..."

"ಈಗ್ಲೂ ಮುಟ್ಟಿಲ್ವಲ್ಲ," ಎಂದರು ಅತ್ತೆ. ಅದು ನಗೆಯೋ ಏನೋ ತಿಳಿಯಲಿಲ್ಲ.

"ಹೇಳಿದ್ರೆ ನೀವು ಬರೋದೇ ಬಿಡ್ತೀರ ಅಂತ."

ಅತ್ತೆ ಕರವಸ್ತ್ರವನ್ನು ತೊಡೆಯ ಮೇಲೆ ಮಡಿಸಿದರು. "ಬಿಡ್ತಿದ್ನೋ ಏನೋ," ಎಂದರು. "ಆ ಡಾಕ್ಟರಮ್ಮ ಬಂದಾಗ ಹಾಕಿದ್ದು ಸರಿಯಾಯ್ತು ಬಿಡು. ಹೊರಗಿನವರಿಗೆ ಹಾಕ್ಲೇಬೇಕು." ಅವಳು ಆ ಮಾತಿನಲ್ಲಿ ಮುಳ್ಳು ಹುಡುಕಿದಳು, ಸಿಗಲಿಲ್ಲ. "ಆದ್ರೆ ನೋಡು, ನೀನು ಹೇಳಿದ್ದಿದ್ರೆ ಸೆಕೆ ಏನೂ ಕಮ್ಮಿ ಆಗ್ತಿರ್ಲಿಲ್ಲ. ಇಬ್ಬರೂ ಸೇರಿ ಈ ಗಾಡೀನ ಬೈಕೊಂಡು ಹೋಗ್ತಿದ್ವಿ. ಈಗ ನಾನೊಬ್ಬಳೇ ಸೆಕೆ ಪಟ್ಟ ಹಾಗಾಯ್ತು. ನೀನೂ ಒಬ್ಬಳೇ ಪಟ್ಟೆ. ಒಂದೇ ಕಾರಲ್ಲಿ."

ಅವಳು ಸೀಟಿನ ಬೆಲ್ಟು ಬಿಚ್ಚಿದಳು.

"ಫೋನ್ ಕೊಡು. ದೊಡ್ಡವನಿಗೆ ನಾನು ಹೇಳ್ತೀನಿ. ನನಗೆ ತಲೆ ಸುತ್ತಿತು, ಅದಕ್ಕೆ ನಿಲ್ಲಿಸಿದ್ವಿ ಅಂತೀನಿ."

"ಬೇಡ ಅತ್ತೆ." ಅವಳು ಫೋನನ್ನು ಕೈಗೆತ್ತಿಕೊಂಡಳು. "ನಾನೇ ಹೇಳ್ತೀನಿ."

ಭಾವ ಎರಡನೇ ರಿಂಗಿಗೇ ಎತ್ತಿದರು. ಚಾರ್ಜ್ ಮುಗಿದು ಕಾರು ಏರಿನ ಬುಡದಲ್ಲಿ ನಿಂತಿದೆ ಎಂದಳು. ಇಷ್ಟು ದಿನ ಎ.ಸಿ. ಕೆಟ್ಟಿದೆ ಎಂದದ್ದೂ ಸುಳ್ಳು ಎಂದಳು. ಆಮೇಲೆ ಕಣ್ಣು ಮುಚ್ಚಿ, ಆಟದ ಸಾಮಾನು ಎಂಬ ಮಾತಿಗೆ, ಆ ನಗೆಗೆ ಕಾದಳು. ಬರಲಿ. ಅದು ಬಂದರೆ ತನ್ನ ತಪ್ಪಿಗೆ ಒಂದು ಅಳತೆಯಾದರೂ ಸಿಗುತ್ತದೆ.

"ಅಮ್ಮ ಒಳಗೇ ಕೂತಿದ್ದಾರಾ?" ಎಂದರು ಭಾವ.

"ಹೌದು."

"ಸೆಕೆ ಆಗುತ್ತೆ, ಬಾಗಿಲು ತೆಗೆದಿಡಮ್ಮ. ಹಗ್ಗ ತಗೊಂಡು ಬರ್ತೀನಿ." ಅಷ್ಟೇ ಹೇಳಿ ಇಟ್ಟರು.

ಅವಳು ಇಳಿದು ಬಾಗಿಲುಗಳನ್ನೆಲ್ಲ ತೆರೆದಳು. ಗಾಳಿ ಎಲ್ಲೂ ಇರಲಿಲ್ಲ. ಹೊರಗೆ ನಿಲ್ಲಲಾರದೆ, ಮುಂದೆ ಕೂರಲಾರದೆ, ಹಿಂದಿನ ಸೀಟಿಗೆ ಬಂದು ಅತ್ತೆಯ ಪಕ್ಕ ಕೂತಳು. ಅಲ್ಲಿ ಅವಳು ಕೂತದ್ದು ಅದೇ ಮೊದಲು. ಎದುರಿಗೆ ತನ್ನ ಸೀಟಿನ ಬೆನ್ನು. ಅದರ ಒಳಬದಿಯ ಅಂಚಿನಲ್ಲಿ, ತನ್ನ ಕುತ್ತಿಗೆಯ ಎತ್ತರಕ್ಕೆ, ಚಾಚಿದ ಕೈ ದಿನವೂ ಒರಗಿ ಒರಗಿ ಬಟ್ಟೆ ಸವೆದು ನುಣುಪಾಗಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ಕೈ ಹಿಂದೆಗೆದಳು. ಅತ್ತೆಯ ಚೀಲದ ಜಿಪ್ಪು ಎಳೆದು ನೀಲಿ ಫ್ಯಾನು ತೆಗೆದಳು. ಟಿಕ್ ಎನ್ನಿಸಿ ಅವರ ಮುಖಕ್ಕೆ ಹಿಡಿದಳು. ಅತ್ತೆ ಬೇಡ ಎನ್ನಲಿಲ್ಲ. ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಫ್ಯಾನಿನ ದನಿ ತುಸು ಹೊತ್ತಿಗೆ ಸಣ್ಣದಾಯಿತು. ಬೆಳಿಗ್ಗೆ ಅವಳಿಗಾಗಿ ತಿರುಗಿದ ಫ್ಯಾನಿನ ಚಾರ್ಜೂ ಮುಗಿಯುತ್ತ ಬಂದಿತ್ತು. ರೆಕ್ಕೆಗಳು ಒಂದೊಂದಾಗಿ ಬೇರೆಬೇರೆಯಾಗಿ ಕಾಣತೊಡಗಿದವು, ಇನ್ನೂ ನಿಧಾನವಾದವು, ನಿಂತವು. ಅವಳು ಕೈ ಇಳಿಸಲಿಲ್ಲ.

"ಗಾಳಿ ಬರ್ತಿದೆಯಾ ಅತ್ತೆ?" ಎಂದಳು, ಬಹಳ ಹೊತ್ತಿನ ಮೇಲೆ.

"ಬರ್ತಿದೆ ಕಣೇ," ಎಂದರು ಅತ್ತೆ, ಕಣ್ಣು ತೆರೆಯದೆ.